ಶುಕ್ರವಾರದ ಬಟ್ಟಲು

ಮೊನ್ನೆ ವಿನೋಬನಗರದ ತರಕಾರಿ ಅಂಗಡಿಯಲ್ಲಿ ನನ್ನ ಮರ್ಯಾದೆ ಸ್ವಲ್ಪದರಲ್ಲಿ ಉಳಿಯಿತು. ಎರಡು ಕೈಯಲ್ಲೂ ಚೀಲಗಳಿದ್ದವು. ಅಂಗಡಿಯವನು "ಏನ್ ಕೊಡ್ಲಮ್ಮಾ?" ಎಂದು ಕೇಳಿದ. ನಾನು ತುಟಿಯನ್ನು ಚೂಪು ಮಾಡಿ ಬೀನ್ಸ್ ಗುಡ್ಡೆಯ ಕಡೆ ಚಾಚಿದೆ. ಅವನು ಬೀನ್ಸ್ ನೋಡಲಿಲ್ಲ, ನನ್ನನ್ನೇ ನೋಡಿದ. ಪಕ್ಕದಲ್ಲಿ ಕೂತು ಸೊಪ್ಪಿಗೆ ನೀರು ಚಿಮುಕಿಸುತ್ತಿದ್ದ ಅವನ ಹೆಂಡತಿಯೂ ನೋಡಿದಳು. ಐವತ್ತಾರು ವರ್ಷದ, ದಪ್ಪ ಕನ್ನಡಕದ ಹೆಂಗಸು ಹೀಗೆ ಗಂಡನ ಕಡೆ ಮೂತಿ ಮಾಡಿದರೆ ಯಾವ ಹೆಂಡತಿ ತಾನೇ ಸಹಿಸುತ್ತಾಳೆ? "ಏನ್ ಬೇಕು ಅಂತ ಬಾಯ್ಬಿಟ್ಟು ಹೇಳಿ ಅಕ್ಕಾ" ಎಂದಳು, ಬಿರುಸಾಗಿಯೇ. ನಾನು ಬಾಯಿಬಿಟ್ಟು, ಅರ್ಧ ಕೆಜಿ ಸಾಕಾಗುತ್ತಿದ್ದ ಕಡೆ ಒಂದು ಕೆಜಿ ಬೀನ್ಸ್ ಕೊಂಡು, ತಲೆ ತಗ್ಗಿಸಿ ಮನೆಗೆ ಬಂದೆ.

ತುಟಿಯಲ್ಲಿ ದಿಕ್ಕು ತೋರಿಸುವುದು ಫಿಲಿಪೈನ್ಸ್ ದೇಶದವರ ರೂಢಿ. ಅಲ್ಲಿ ದಾರಿ ಕೇಳಿದರೆ ಕೈ ಎತ್ತುವವರು ಕಡಿಮೆ. ಮೂತಿ ಮುಂದೆ ಮಾಡಿ "ಅಲ್ಲಿ" ಎನ್ನುತ್ತಾರೆ. ಮೂತಿ ಎಷ್ಟು ಉದ್ದವಾಯಿತೋ ಜಾಗ ಅಷ್ಟು ದೂರ ಎಂದು ನಾವು ತಿಳಿದುಕೊಳ್ಳಬೇಕು. ಮೂರು ವರ್ಷ ಅಲ್ಲಿದ್ದು, ಬಂದು ಆರು ವರ್ಷವಾದರೂ ನನ್ನ ಮೂತಿ ಇನ್ನೂ ಊರಿಗೆ ವಾಪಸಾಗಿಲ್ಲ.

ಹೋದದ್ದು ಹೇಗೆ ಎಂದು ಕೇಳುತ್ತೀರಿ. ನಾನು ಹುಟ್ಟಿದ್ದು ಭದ್ರಾವತಿಯ ಕಾಗದನಗರದಲ್ಲಿ. ಅಪ್ಪ ಕಾಗದದ ಕಾರ್ಖಾನೆಯಲ್ಲಿದ್ದರು. ಮದುವೆಯಾದದ್ದೂ ಅದೇ ಕಾರ್ಖಾನೆಯವರನ್ನು. ತವರುಮನೆಗೂ ಗಂಡನ ಮನೆಗೂ ನಡುವೆ ನಾಲ್ಕು ಸಾಲು ಕ್ವಾರ್ಟರ್ಸ್, ಅಷ್ಟೆ. ಗಂಡನ ಮೇಲೆ ಸಿಟ್ಟು ಮಾಡಿಕೊಂಡು ತವರಿಗೆ ಹೊರಟರೆ ಸಿಟ್ಟು ಇಳಿಯುವುದಕ್ಕೂ ಸಮಯವಿರುತ್ತಿರಲಿಲ್ಲ. ಕಾರ್ಖಾನೆ ನಿಂತುಹೋದ ಮೇಲೆ ನಮ್ಮವರಿಗೆ ಫಿಲಿಪೈನ್ಸಿನ ಒಂದು ಸಣ್ಣ ಊರಿನಲ್ಲಿ, ಕಾಗದದ ಕಾರ್ಖಾನೆಯಲ್ಲೇ, ಕೆಲಸ ಸಿಕ್ಕಿತು. ಮಗಳ ಮದುವೆಯಾಗಿತ್ತು. "ಇಬ್ರೂ ಹೋಗಣ ಮಾರಾಯ್ತಿ. ಒಬ್ಬನೇ ಹೋದ್ರೆ ಉಪವಾಸ ಬೀಳ್ತೀನಿ" ಎಂದರು. ಆ ಊರಿನಲ್ಲಿ ಬಸ್ಸಿನಿಂದ ಇಳಿದ ತಕ್ಷಣ ಮೂಗಿಗೆ ಬಡಿದದ್ದು ಕಾಗದದ ಕಾರ್ಖಾನೆಯ ಆ ಕೊಳೆತ ಮೊಟ್ಟೆಯಂಥ ವಾಸನೆ. ಬೇರೆಯವರು ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಕಣ್ಣು ತುಂಬಿ ಬಂತು. ಸಮುದ್ರ ದಾಟಿ ಬಂದರೂ ಕಾಗದನಗರಕ್ಕೇ ಬಂದೆನಲ್ಲ ಎನ್ನಿಸಿತು.

ಅಲ್ಲಿಂದ ಬಂದು ಶಿವಮೊಗ್ಗದಲ್ಲಿ ಮನೆ ಮಾಡಿದ ಮೇಲೆ ನಾನು ಸುಮಾ ಆಗಿ ಉಳಿಯಲಿಲ್ಲ, 'ಫಿಲಿಪೈನ್ಸ್ ಮೇಡಂ' ಆದೆ. ಈಗ ನಮ್ಮ ಕಡೆಯ ಮಕ್ಕಳು ಡಾಕ್ಟರ್ ಓದಲು ಆ ದೇಶಕ್ಕೆ ಹೋಗುತ್ತಾರೆ. ಹೋಗುವ ಮುಂಚೆ ಅಪ್ಪ ಅಮ್ಮ ಮಕ್ಕಳನ್ನು ಕರೆದುಕೊಂಡು ನಮ್ಮ ಮನೆಗೆ ಬರುತ್ತಾರೆ. ನಾನು ಕಾಫಿ ಕೊಟ್ಟು, ಕುರ್ಚಿಯಲ್ಲಿ ನೆಟ್ಟಗೆ ಕೂತು, ಉಪದೇಶ ಶುರುಮಾಡುತ್ತೇನೆ. ಬಚ್ಚಲಿಗೆ ಅಲ್ಲಿ ಸಿ.ಆರ್. ಎನ್ನಬೇಕು, ಬಾತ್‌ರೂಮ್ ಎಂದರೆ ಕಣ್ಣು ಪಿಳಿಪಿಳಿ ಬಿಡುತ್ತಾರೆ. ಒಳಗೆ ಚೊಂಬಿನಂಥ ಪ್ಲಾಸ್ಟಿಕ್ ಜಗ್ಗು ಇದ್ದೇ ಇರುತ್ತದೆ, ಆ ವಿಷಯಕ್ಕೆ ಚಿಂತೆ ಬೇಡ. ಕರೆಂಟ್ ಹೋದರೆ ಬ್ರೌನೌಟ್ ಎನ್ನಬೇಕು. ಜೀಪ್ನಿ ಎಂಬ ಉದ್ದನೆಯ ಬಣ್ಣದ ಗಾಡಿಯಲ್ಲಿ ಕಂಡಕ್ಟರ್ ಇರುವುದಿಲ್ಲ. ಹಿಂದೆ ಕೂತವರ ಚಿಲ್ಲರೆ ಕೈಯಿಂದ ಕೈಗೆ ದಾಟಿ ಡ್ರೈವರಿಗೆ ಮುಟ್ಟುತ್ತದೆ, ನಡುವೆ ಕೂತವರು ಕೈ ಚಾಚದೆ ಇದ್ದರೆ ಅದು ದೊಡ್ಡ ಅಸಭ್ಯತೆ. ಹಿರಿಯರೊಂದಿಗೆ ಮಾತಾಡುವಾಗ ಕೊನೆಗೊಂದು 'ಪೊ' ಸೇರಿಸಬೇಕು, ನಮ್ಮ ಹುಬ್ಬಳ್ಳಿಯವರ 'ರೀ' ಇದ್ದ ಹಾಗೆ. ಯಾರನ್ನೂ ನಾಲ್ಕು ಜನರ ಎದುರಿಗೆ ಬಯ್ಯಬಾರದು. ನಾಚಿಕೆ, ಸಂಕೋಚ, ಅವಮಾನ ಎಲ್ಲಕ್ಕೂ ಸೇರಿ ಅವರಲ್ಲಿ 'ಹಿಯಾ' ಎಂಬ ಒಂದೇ ಮಾತಿದೆ, ಇನ್ನೊಬ್ಬರಿಗೆ ಹಿಯಾ ಆಗದ ಹಾಗೆ ನಡೆದುಕೊಳ್ಳುವುದೇ ಅಲ್ಲಿ ದೊಡ್ಡ ಗುಣ.

ಇಷ್ಟು ಹೇಳುವಾಗ ಎಲ್ಲರೂ ತಲೆಯಾಡಿಸುತ್ತಾರೆ. ಆಮೇಲೆ ಯಾರಾದರೊಬ್ಬ ತಾಯಿ ದನಿ ತಗ್ಗಿಸಿ ಕೇಳುತ್ತಾಳೆ: "ಮೇಡಂ, ಅಕ್ಕಪಕ್ಕದವ್ರು ಏನಾದ್ರೂ ತಿನ್ನಕ್ಕೆ ತಂದ್ಕೊಟ್ರೆ ಏನ್ ಮಾಡದು? ನಾವು ಮೊಟ್ಟೇನೂ ಮುಟ್ಟಲ್ಲ."

ಅದಕ್ಕೆ ನನ್ನ ಬಳಿ ಸಿದ್ಧ ಉತ್ತರವಿತ್ತು. "ಬೇಡ ಅನ್ಬೇಡಿ, ಬೇಜಾರಾಗ್ತಾರೆ. ನಗ್ತಾ ನಗ್ತಾ ಇಸ್ಕೊಳಿ. ಹಿತ್ಲಲ್ಲಿ ನಾಯಿ ಇದ್ದೇ ಇರತ್ತೆ. ಬಟ್ಲು ತೊಳ್ದು, ತುಂಬಾ ಚೆನ್ನಾಗಿತ್ತು ಅಂತ ಹೇಳಿ ವಾಪಸ್ ಕೊಡಿ. ನಾನು ಒಂದು ವರ್ಷ ಹಂಗೇ ಮಾಡ್ದೆ, ಆ ನಾಯಿ ಎಮ್ಮೆ ಕರು ಆಗಿತ್ತು!" ಎನ್ನುತ್ತಿದ್ದೆ. ಮನೆ ತುಂಬ ನಗು. ನಮ್ಮವರು ಮಾತ್ರ ಪೇಪರ್ ಮಡಚಿ ಒಳಗೆ ಹೋಗುತ್ತಿದ್ದರು. ವಯಸ್ಸಾಯಿತು, ನಗೆಚಾಟಿಕೆ ಹಿಡಿಸುವುದಿಲ್ಲ ಎಂದುಕೊಂಡಿದ್ದೆ. ಅಂದರೆ ಹಾಗೆಂದು ನನಗೆ ನಾನೇ ಹೇಳಿಕೊಂಡಿದ್ದೆ.

ಈ ವಿದ್ಯೆ ನನ್ನ ಸ್ವಂತದ್ದಲ್ಲ, ಅಮ್ಮನದು. ಕಾಗದನಗರದಲ್ಲಿ ನಮ್ಮ ಪಕ್ಕದ ಮನೆಯಲ್ಲಿ ತಮಿಳಿನವರಿದ್ದರು. ಸೆಲ್ವಿ ಆಂಟಿ ಎನ್ನುತ್ತಿದ್ದೆವು. ಪೊಂಗಲ್ ಹಬ್ಬಕ್ಕೆ, ಮಕ್ಕಳ ಹುಟ್ಟುಹಬ್ಬಕ್ಕೆ, ಏನೂ ಇಲ್ಲದಿದ್ದರೆ ಸುಮ್ಮನೆ, ಕಾಂಪೌಂಡ್ ಗೋಡೆಯ ಮೇಲೆ ಒಂದು ಸ್ಟೀಲ್ ಡಬ್ಬಿ ಇಟ್ಟು "ಅಕ್ಕಾ" ಎಂದು ಕೂಗುತ್ತಿದ್ದರು. ಅಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಹೋಗಿ "ಅಯ್ಯೋ, ನಿಮಗ್ಯಾಕೆ ತೊಂದ್ರೆ" ಎಂದು ಬಾಯಿ ತುಂಬ ನಕ್ಕು ಇಸಿದುಕೊಳ್ಳುತ್ತಿದ್ದಳು. ಅಡುಗೆಮನೆಯೊಳಗೆ ಆ ಡಬ್ಬಿ ಬರುತ್ತಿರಲಿಲ್ಲ. ನನ್ನನ್ನು ಕರೆದು "ಹಸೂಗ್ ಹಾಕ್ಬಾ" ಎನ್ನುತ್ತಿದ್ದಳು. ನಾನು ಹಿತ್ತಿಲ ದಾರಿಯಲ್ಲಿ ಹೋಗಿ ಹಸುವಿಗೆ ಸುರಿದು ಬರುತ್ತಿದ್ದೆ. ಬಿಸಿ ಪೊಂಗಲ್‌ನ ತುಪ್ಪದ ವಾಸನೆಗೆ ಬಾಯಲ್ಲಿ ನೀರು ಬರುತ್ತಿತ್ತು. ಒಂದು ಸಲ ಬೆರಳು ಅದ್ದಿ ನೆಕ್ಕಿಯೂ ಇದ್ದೆ. ಖಾಲಿ ಡಬ್ಬಿ ವಾಪಸ್ ಕೊಡಬಾರದೆಂದು ಅಮ್ಮ ಅದರಲ್ಲಿ ಒಂದು ಹಿಡಿ ಸಕ್ಕರೆ ಹಾಕಿ ಕೊಡುತ್ತಿದ್ದಳು. ಸೆಲ್ವಿ ಆಂಟಿ "ಚೆನ್ನಾಗಿತ್ತಾ ಪಾಪಾ?" ಎಂದು ಕೇಳಿದರೆ "ಹ್ಞೂಂ ಆಂಟಿ" ಎನ್ನುವುದೂ ನನ್ನ ಕೆಲಸವೇ. ಅದನ್ನು ಸುಳ್ಳು ಎಂದು ಆಗ ಯಾರೂ ಕರೆಯುತ್ತಿರಲಿಲ್ಲ.

ಫಿಲಿಪೈನ್ಸಿನಲ್ಲಿ ನಮ್ಮ ಪಕ್ಕದ ಮನೆಯವರು ಲೋರ್ನಾ. ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು, ಶಾಲೆಯಲ್ಲಿ ಟೀಚರಾಗಿ ನಿವೃತ್ತರಾದವರು. ಗಂಡ ತೀರಿಕೊಂಡಿದ್ದರು. ಸೊಸೆ ಗ್ರೇಸ್ ಜೊತೆಗಿದ್ದಳು. ಅಲ್ಲಿ ಅಕ್ಕನಿಗೆ 'ಆತೆ' ಎನ್ನುತ್ತಾರೆ. ನಾನು ಮೊದಲ ದಿನ "ಆತೆ ಲೋರ್ನಾ" ಎಂದು ಕರೆದದ್ದು ಕೇಳಿ ನಮ್ಮವರು "ನೋಡು, ಇಷ್ಟು ದೂರ ಬಂದ್ರೂ ಅತ್ತೆ ತಪ್ಲಿಲ್ಲ ನಿಂಗೆ" ಎಂದು ನಕ್ಕರು. ಆದರೆ ಆ ಆತೆ ನಾವು ಬಂದ ದಿನವೇ ಪೊರಕೆ ಹಿಡಿದು ಬಂದು ನನ್ನ ಜೊತೆ ಮನೆ ಗುಡಿಸಿದರು. ಜೀಪ್ನಿ ಹತ್ತುವುದು, ಇಳಿಯುವುದು ಕಲಿಸಿದರು. ನಮ್ಮ ವಾಸದ ಕಾಗದಪತ್ರಕ್ಕೆ ಊರಿನ ಕಚೇರಿಗೆ ನಾಲ್ಕು ಸಲ ಜೊತೆಗೆ ಬಂದರು. ಚಂಡಮಾರುತದ ಎಚ್ಚರಿಕೆ ಬಂದ ಮಧ್ಯಾಹ್ನ, ಅದು ಏನೆಂದೇ ತಿಳಿಯದೆ ನಾನು ಹಪ್ಪಳ ಒಣಗಿಸುತ್ತಿದ್ದರೆ, ಅವರು ಸುತ್ತಿಗೆ ತಂದು ನಮ್ಮ ಕಿಟಕಿಗಳಿಗೆ ಹಲಗೆ ಬಡಿದರು.

ಆ ಊರಿನಲ್ಲಿ ಶುಕ್ರವಾರ ಹೆಸರುಕಾಳಿನ ಅಡುಗೆ ಮಾಡುತ್ತಾರೆ. ಹೆಸರುಕಾಳು ಬೇಯಿಸಿ ನುಗ್ಗೆಸೊಪ್ಪು ಹಾಕುವುದು. ಥೇಟ್ ನಮ್ಮದೇ. ಬಂದ ಎರಡನೆಯ ವಾರ ಆತೆ ಲೋರ್ನಾ ನಮ್ಮವರನ್ನು ತಡೆದು "ನೀವು ಏನೇನು ತಿನ್ನುವುದಿಲ್ಲ?" ಎಂದು ಕೇಳಿದರಂತೆ. ಇವರು ಹೇಳಿದರಂತೆ. ಆ ಶುಕ್ರವಾರದಿಂದ ತಪ್ಪದೆ ಹನ್ನೊಂದು ಗಂಟೆಗೆ ಒಂದು ಗಾಜಿನ ಬಟ್ಟಲು ಬರತೊಡಗಿತು. "ಮೀನಿಲ್ಲ, ಮಾಂಸವಿಲ್ಲ, ಸಿಗಡಿಯಿಲ್ಲ, ನಿನಗೆಂದೇ ಮಾಡಿದ್ದು" ಎನ್ನುತ್ತಿದ್ದರು.

ನಾನು ನಂಬಲಿಲ್ಲ. ಅದಕ್ಕೊಂದು ಕಾರಣ ಇತ್ತು. ಬಂದ ಹೊಸತರಲ್ಲಿ ಕಾರ್ಖಾನೆಯ ಕ್ಯಾಂಟೀನಿನಲ್ಲಿ 'ಮಾಂಸ ಬೇಡ' ಎಂಬುದನ್ನು ಅವರ ಭಾಷೆಯಲ್ಲೇ ಬಾಯಿಪಾಠ ಮಾಡಿ ಹೇಳಿದ್ದೆ. ಬಡಿಸುವವಳು ಹುಬ್ಬು ಮೇಲೆತ್ತಿ, ಅಂದರೆ ಆಗಲಿ ಎಂದು, ಹುರುಳಿಕಾಯಿ ಪಲ್ಯ ಹಾಕಿದಳು. ಅದರಲ್ಲಿ ಕೊಬ್ಬರಿ ಚೂರೆಂದು ನಾನು ಅಗಿದದ್ದು ಕೊಬ್ಬರಿಯಾಗಿರಲಿಲ್ಲ. ಕೇಳಿದರೆ "ಇದು ಮಾಂಸವಲ್ಲ ಮೇಡಂ, ಸುಮ್ಮನೆ ರುಚಿಗೆ" ಎಂದಳು. ಆ ದಿನದಿಂದ ಮನೆಯ ಹೊರಗಿನ ಯಾವುದನ್ನೂ ಮುಟ್ಟುವುದಿಲ್ಲ ಎಂದು ಶಪಥ ಮಾಡಿದ್ದೆ. ಹೀಗೆಂದು ಕಾರಣ ಹೇಳುತ್ತೇನೆ. ಆದರೆ ಸತ್ಯ ಹೇಳಬೇಕೆಂದರೆ, ಆ ಕ್ಯಾಂಟೀನ್ ಇಲ್ಲದಿದ್ದರೂ ನಾನು ತಿನ್ನುತ್ತಿರಲಿಲ್ಲ. ಬಟ್ಟಲು ಕೈಗೆ ಬಂದ ಕೂಡಲೇ ನನ್ನ ಕಾಲು ತಾನಾಗಿ ಹಿತ್ತಿಲ ಕಡೆ ತಿರುಗುತ್ತಿತ್ತು. ಹಿತ್ತಿಲಿನಲ್ಲಿ ಹಸು ಇರಲಿಲ್ಲ. ಬ್ರೌನಿ ಎಂಬ ಬೀದಿನಾಯಿ ಇತ್ತು.

ಒಂದು ವರ್ಷ ಹೀಗೆ ನಡೆಯಿತು. ನಮ್ಮ ಬೇಳೆ ಸಾಮಾನು ಸಿಗದೆ ನಾನು ಸೊರಗಿ, ರವಿಕೆಗಳೆಲ್ಲ ಸಡಿಲವಾಗಿದ್ದವು. ಬಟ್ಟಲು ತೊಳೆದು, ಅದರಲ್ಲಿ ನಾಲ್ಕು ಬಾಳೆಹಣ್ಣೋ ಒಂದು ಹಿಡಿ ಕಡಲೆಬೀಜವೋ ಹಾಕಿ "ತುಂಬಾ ರುಚಿಯಾಗಿತ್ತು ಆತೆ" ಎಂದು ಕೊಡುತ್ತಿದ್ದೆ. ಅವರ ಮುಖ ಅರಳುತ್ತಿತ್ತು. ಒಳ್ಳೆಯ ಕೆಲಸ ಮಾಡಿದಂತೆ ನನಗೂ ಅನ್ನಿಸುತ್ತಿತ್ತು ನೋಡಿ!

ಒಂದು ಶುಕ್ರವಾರ ಬಟ್ಟಲು ಕೊಟ್ಟುಹೋದವರು ಮತ್ತೆ ಬಂದರು. ಮುಂಬಾಗಿಲು ಹಾಕಿತ್ತು, ಹಾಗಾಗಿ ಹಿಂದಿನಿಂದ ಬಂದರು. ಕೈಯಲ್ಲಿ ಎರಡು ಪುಟ್ಟ ನಿಂಬೆಹಣ್ಣು. ಅಡುಗೆಗೆ ಹಿಂಡಿಕೊಂಡರೆ ರುಚಿ ಎಂದು ಹೇಳಲು ಬಂದಿದ್ದರು. ನಾನು ಬಗ್ಗಿ ನಾಯಿಯ ತಟ್ಟೆಗೆ ಬಟ್ಟಲನ್ನು ಬೋರಲು ಹಾಕಿ, ಚಮಚದಲ್ಲಿ ಕೆರೆಯುತ್ತಿದ್ದೆ. ತಲೆ ಎತ್ತಿದರೆ ಅವರು. ಏನು ಹೇಳಲಿ ಎಂದು ಬಾಯಿ ತೆರೆಯುವಷ್ಟರಲ್ಲಿ ಅವರೇ ನಕ್ಕರು.

"ಬ್ರೌನಿಗೆ ತುಂಬಾ ಹಸಿವಾಗಿತ್ತು ಅನ್ನಿಸುತ್ತದೆ. ನೀನು ಒಳ್ಳೆಯವಳು, ನಿನ್ನ ಪಾಲನ್ನು ಅದಕ್ಕೆ ಕೊಟ್ಟೆ" ಎಂದು ಇಂಗ್ಲಿಷಿನಲ್ಲಿ ಹೇಳಿ, ನಿಂಬೆಹಣ್ಣುಗಳನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟು ಹೋದರು.

ಮುಂದಿನ ಶುಕ್ರವಾರ ಬಟ್ಟಲು ಬರಲಿಲ್ಲ. ಒಂದು ಬುಟ್ಟಿ ಬಂತು. ಅದರಲ್ಲಿ ಹಸಿ ತರಕಾರಿ: ಅವರ ಹಿತ್ತಿಲಿನ ಕುಂಬಳಕಾಯಿ, ಅಲಸಂದೆಕಾಯಿ, ಒಂದು ಕಟ್ಟು ನುಗ್ಗೆಸೊಪ್ಪು. "ನಿನ್ನ ಊರಿನ ಹಾಗೆ ನೀನೇ ಮಾಡಿಕೋ, ನನ್ನ ಅಡುಗೆಯಲ್ಲಿ ಉಪ್ಪು ಜಾಸ್ತಿ" ಎಂದರು. ಇನ್ನೊಬ್ಬರಿಗೆ ಹಿಯಾ ಆಗದಂತೆ ನಡೆದುಕೊಳ್ಳುವುದು ಎಂದು ಕುರ್ಚಿಯಲ್ಲಿ ಕೂತು ಉಪದೇಶ ಮಾಡುತ್ತೇನಲ್ಲ, ಅದನ್ನು ನಾನು ಕಲಿತದ್ದು ಅವತ್ತು. ಅಷ್ಟಾದರೂ ಬಾಯಿಬಿಟ್ಟು ಒಂದು ಕ್ಷಮೆ ಕೇಳಲಿಲ್ಲ. ಅವರೇ ಮುಚ್ಚಿಹಾಕಿದ್ದನ್ನು ನಾನೇಕೆ ಬಿಚ್ಚಲಿ ಎಂದು ಅನುಕೂಲವಾಗಿ ಸುಮ್ಮನಾದೆ.

ಊರಿಗೆ ಹೊರಡುವ ಎರಡು ದಿನ ಮೊದಲು, ಉಳಿದ ಪಾತ್ರೆಗಳನ್ನು ಕೊಟ್ಟುಬರೋಣವೆಂದು ಅವರ ಅಡುಗೆಮನೆಗೆ ಹೋದೆ. ಮೂರು ವರ್ಷದಲ್ಲಿ ಅದೇ ಮೊದಲು. ಒಣಮೀನಿನ ವಾಸನೆಗೆ ಹೆದರಿ ಅಷ್ಟು ದಿನ ಹೊಸಿಲು ದಾಟಿರಲಿಲ್ಲ. ಆತೆ ಪೇಟೆಗೆ ಹೋಗಿದ್ದರು, ಗ್ರೇಸ್ ಇದ್ದಳು. ಗೋಡೆಯ ಮೇಲೆ ಅವರ ಬಾಣಲೆಗಳು ಸಾಲಾಗಿ ತೂಗುತ್ತಿದ್ದವು. ಒಂದು ಸಣ್ಣ ಬಾಣಲೆ, ಒಂದು ಸೌಟು ಮಾತ್ರ ಬೇರೆ ಮೊಳೆಗೆ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತೂಗುಹಾಕಿದ್ದವು. ಕವರಿನ ಮೇಲೆ ಟೀಚರಮ್ಮನ ದುಂಡನೆಯ ಅಕ್ಷರ: SUMA.

"ಅದೇನು?" ಎಂದೆ.

"ನಿಮ್ಮದು" ಎಂದಳು ಗ್ರೇಸ್. "ನಮ್ಮ ಬಾಣಲೆಯಲ್ಲಿ ಮೀನು ಮಾಡುತ್ತೇವಲ್ಲ, ನಿಮಗೆ ಆಗುವುದಿಲ್ಲ ಅಂತ ಅತ್ತೆ ಹೊಸದು ತಂದಿದ್ದರು. ನಾನು ಒಂದು ಸಲ ಮರೆತು ಅದರಲ್ಲಿ ಮೊಟ್ಟೆ ಕರಿದೆ. ಅವತ್ತು ಎಷ್ಟು ಬೈದರು ಗೊತ್ತಾ! ಅದನ್ನು ಬಿಸಾಕಿ ಇನ್ನೊಂದು ತಂದರು. ಈಗ ನೀವೇ ಮಾಡಿಕೊಳ್ಳುತ್ತೀರಲ್ಲ, ಆದರೂ ತೆಗೆಯಬೇಡ ಅಂದಿದ್ದಾರೆ."

ನಮ್ಮ ಅಜ್ಜಿ ಬದುಕಿದ್ದಿದ್ದರೆ ಆ ಮಡಿಗೆ ಮೆಚ್ಚುತ್ತಿದ್ದರು. ನಾನು ತಂದ ಪಾತ್ರೆಗಳನ್ನು ಅಲ್ಲೇ ಇಟ್ಟು ಮನೆಗೆ ಬಂದು ಸೂಟ್‌ಕೇಸಿನ ಮುಂದೆ ಕೂತೆ. ಇವರಿಗೆ ಹೇಳಿದೆ. "ಹೋಗಿ ಹೇಳ್ಬಾ, ಅವ್ರಿಗೆ" ಎಂದರು. ಹೋಗಲಿಲ್ಲ. ಹೊರಡುವ ದಿನ ಆತೆ ಲೋರ್ನಾ ನನ್ನನ್ನು ತಬ್ಬಿಕೊಂಡು ಅತ್ತರು, ನಾನೂ ಅತ್ತೆ. ನನ್ನ ಅಳುವಿಗೆ ಅವರು ಬೇರೆ ಕಾರಣ ತಿಳಿದಿರಬೇಕು.

ಊರಿಗೆ ಬಂದ ಮೇಲೆ ಈ ಕಥೆಯಿಂದ ಬಾಣಲೆಯನ್ನು ತೆಗೆದುಹಾಕಿದೆ, ನಿಂಬೆಹಣ್ಣನ್ನು ತೆಗೆದುಹಾಕಿದೆ. ಉಳಿದದ್ದು ನಾಯಿ ಮತ್ತು ನಗು. ಹೇಳುತ್ತಾ ಹೇಳುತ್ತಾ ನನಗೇ ಅಷ್ಟೇ ನಡೆದದ್ದು ಎನ್ನಿಸತೊಡಗಿತ್ತು.

ಹೋದ ತಿಂಗಳು ಸಿಂಚನ ಬಂದಳು. ಕಾಗದನಗರದ ಹುಡುಗಿ, ಎರಡು ವರ್ಷದ ಹಿಂದೆ ಅಮ್ಮನ ಜೊತೆ ಬಂದು ನನ್ನ ಉಪದೇಶ ಕೇಳಿ ಡಾಕ್ಟರ್ ಓದಲು ಹೋದವಳು. ರಜಕ್ಕೆಂದು ಬಂದವಳು ಸೋಗಾನೆಯಲ್ಲಿ ವಿಮಾನ ಇಳಿದು ಇನ್ನೂ ಎರಡು ದಿನವಾಗಿರಲಿಲ್ಲ. ಅಮ್ಮನನ್ನು ಕರೆದುಕೊಂಡು, ಒಣಮಾವಿನ ಪೊಟ್ಟಣ ಹಿಡಿದು ಬಂದಿದ್ದಳು. ಅವಳೂ ಮಾತಿನ ನಡುವೆ ತುಟಿಯಲ್ಲಿ ದಿಕ್ಕು ತೋರಿಸುತ್ತಿದ್ದಳು. ನಕ್ಕೆವು.

"ಆಂಟಿ, ನೀವು ಹೇಳಿದ್ರಲ್ಲ, ನಾಯಿ ಟ್ರಿಕ್ಕು, ಸಖತ್ ವರ್ಕ್ ಆಯ್ತು!" ಎಂದಳು. "ನಮ್ ಓನರ್ ಆಂಟಿ ವಾರಕ್ಕೆರಡು ಸಲ ಏನಾದ್ರೂ ತಂದ್ಕೊಡ್ತಾರೆ. ನಾನು ಥ್ಯಾಂಕ್ಯೂ ಪೊ ಅಂತೀನಿ, ಮನೆ ಹಿಂದೆ ನಾಯಿಗೆ ಹಾಕ್ತೀನಿ. ಇವತ್ತಿನವರೆಗೂ ಗೊತ್ತಾಗಿಲ್ಲ ಅವ್ರಿಗೆ."

ಅವಳಮ್ಮ ಹೆಮ್ಮೆಯಿಂದ "ಎಲ್ಲಾ ನಿಮ್ ಟ್ರೇನಿಂಗ್ ಮೇಡಂ" ಎಂದರು.

ಪೇಪರ್ ಓದುತ್ತಿದ್ದ ನಮ್ಮವರು ಈ ಸಲ ಎದ್ದು ಒಳಗೆ ಹೋಗಲಿಲ್ಲ. ಪೇಪರ್ ಕೆಳಗಿಳಿಸಿ ನನ್ನನ್ನು ನೋಡಿದರು. ನನಗೆ ಕೂತ ಕುರ್ಚಿಯೇ ಬಿಸಿಯಾದಂತಾಯಿತು. ಅಮ್ಮ ನನ್ನ ಕೈಯಲ್ಲಿ ಡಬ್ಬಿ ಕೊಟ್ಟು ಹಿತ್ತಿಲಿಗೆ ಕಳಿಸಿದ ಹಾಗೆಯೇ ನಾನು ಈ ಹುಡುಗಿಯನ್ನು ಕಳಿಸಿದ್ದೆ. ಇವಳೊಬ್ಬಳನ್ನೇ ಅಲ್ಲ. ಎಷ್ಟು ಮಕ್ಕಳು ಈ ಮನೆಯಲ್ಲಿ ಕಾಫಿ ಕುಡಿದು, ನಕ್ಕು, ಈ ವಿದ್ಯೆ ಕಲಿತು ವಿಮಾನ ಹತ್ತಿದ್ದಾರೋ!

"ಸಿಂಚನ, ನಾನು ನಿಂಗೆ ಅರ್ಧ ಕಥೆ ಹೇಳಿದ್ದೆ ಕಣೇ" ಎಂದೆ. ಹೇಳಿದೆ. ನಿಂಬೆಹಣ್ಣು, ಹಸಿ ತರಕಾರಿಯ ಬುಟ್ಟಿ, ಮೊಳೆಗೆ ತೂಗಿದ್ದ ಬಾಣಲೆ, ಅದರ ಮೇಲಿನ ನನ್ನ ಹೆಸರು. ಹೇಳುವಾಗ ಒಂದೆರಡು ಕಡೆ ನನ್ನನ್ನು ಸ್ವಲ್ಪ ಒಳ್ಳೆಯವಳಾಗಿ ಮಾಡಿಕೊಳ್ಳಲು ಬಾಯಿ ತವಕಿಸಿತು. ಇವರು ಎದುರಿಗೇ ಇದ್ದದ್ದರಿಂದ ಸಾಧ್ಯವಾಗಲಿಲ್ಲ.

ಹುಡುಗಿಯ ನಗು ನಿಂತಿತ್ತು. "ನಮ್ ಆಂಟೀನೂ ಕೇಳಿದ್ರು" ಎಂದಳು ಮೆಲ್ಲಗೆ. "ಹೋದ ಮೊದಲನೇ ವಾರ. ಏನೇನ್ ಹಾಕ್ಬಾರ್ದು ಅಂತ ಕೇಳಿ ಚೀಟೀಲಿ ಬರ್ಕೊಂಡಿದ್ರು. ಫ್ರಿಜ್ ಮೇಲೆ ಅಂಟ್ಸಿದಾರೆ ಅದನ್ನ."

ಅವಳಮ್ಮ ಇಬ್ಬರನ್ನೂ ನೋಡಿ "ಬಿಡಿ ಮೇಡಂ, ಗೊತ್ತಿಲ್ದೆ ಆಗಿದ್ದು" ಎಂದರು.

"ಇವಳಿಗೆ ಗೊತ್ತಿರ್ಲಿಲ್ಲ. ನಂಗೆ ಗೊತ್ತಿತ್ತು" ಎಂದೆ.

ಅವರು ಹೊರಟ ಮೇಲೆ ಇವರು ತಮ್ಮ ಮೊಬೈಲ್ ತಂದು ನನ್ನ ಮುಂದಿಟ್ಟರು. ಕ್ರಿಸ್‌ಮಸ್‌ಗೆ, ದೀಪಾವಳಿಗೆ ಆತೆ ಲೋರ್ನಾಗೂ ಇವರಿಗೂ ಶುಭಾಶಯ ಓಡಾಡುತ್ತಿತ್ತು. ನಾನು ಮಾತ್ರ ಹಿಂದಿನಿಂದ ಇಣುಕಿ ಕೈಬೀಸುತ್ತಿದ್ದೆ. ಇಲ್ಲಿ ಸಂಜೆ ನಾಲ್ಕು, ಅಲ್ಲಿ ಆರೂವರೆ. ವಿಡಿಯೋ ಕಾಲ್ ಒತ್ತಿದರು.

ಆತೆಯ ಕೂದಲು ಪೂರ್ತಿ ಬೆಳ್ಳಗಾಗಿತ್ತು. "ಸುಮಾ!" ಎಂದು ಕಿರುಚಿದರು. "ಬಾ, ಊಟ ಮಾಡು" ಎಂದರು. ಉಣ್ಣುತ್ತಾ ಕೂತಿದ್ದರು. ಊಟಕ್ಕೆ ಕೂತಾಗ ಎದುರು ಬಂದವರನ್ನೆಲ್ಲ ಕರೆಯುವುದು ಅವರ ಪದ್ಧತಿ, ಫೋನಿನಲ್ಲಿ ಬಂದವರೂ ಅದಕ್ಕೆ ಸೇರಿದವರೇ. ಮಗಳು, ಮೊಮ್ಮಗ, ಮಂಡಿನೋವು ಎಲ್ಲ ಕೇಳಿದರು. ನಾನು ಎಲ್ಲದಕ್ಕೂ ಉತ್ತರ ಕೊಟ್ಟೆ. ಇವರು ಪಕ್ಕದಲ್ಲಿ ಕೆಮ್ಮಿದರು.

"ಆತೆ, ನಿಮಗೊಂದು ಹೇಳಬೇಕು" ಎಂದೆ. ನನ್ನ ಇಂಗ್ಲಿಷ್ ಮೊದಲೇ ಅಷ್ಟಕ್ಕಷ್ಟೆ, ಅವತ್ತು ಇನ್ನೂ ತಡವರಿಸಿತು. "ನೀವು ಶುಕ್ರವಾರ ಕೊಡುತ್ತಿದ್ದ ಅಡುಗೆ. ಆ ದಿನ ನೀವು ನೋಡಿದಿರಲ್ಲ, ಅದೊಂದು ದಿನ ಮಾತ್ರ ಅಲ್ಲ. ಎಲ್ಲಾ ಶುಕ್ರವಾರವೂ ನಾಯಿಗೇ ಹಾಕುತ್ತಿದ್ದೆ. ಒಂದು ತುತ್ತೂ ತಿನ್ನಲಿಲ್ಲ. ಚೆನ್ನಾಗಿತ್ತು ಅಂತ ಸುಳ್ಳು ಹೇಳಿದೆ. ಆ ಬಾಣಲೆಯನ್ನು ನೋಡಿದ ಮೇಲೂ ಹೇಳಲಿಲ್ಲ. ನನಗೆ ನಾಚಿಕೆಯಾಗಿದೆ ಆತೆ."

ಅವರು ಚಮಚ ಕೆಳಗಿಟ್ಟರು. ನಗಲಿಲ್ಲ. ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು, ಮೊಬೈಲಿಗೆ ಮುಖ ಹತ್ತಿರ ತಂದರು.

"ಒಂದು ಶುಕ್ರವಾರವೂ ತಿನ್ನಲಿಲ್ಲವಾ?"

"ಇಲ್ಲ."

ಅವರು ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

"ಆಗ ನೀನು ಎಷ್ಟು ಸೊರಗಿದ್ದೆ ಸುಮಾ" ಎಂದರು. "ಶುಕ್ರವಾರ ಒಂದು ದಿನವಾದರೂ ಇವಳ ಹೊಟ್ಟೆ ತುಂಬುತ್ತದೆ ಎಂದುಕೊಂಡಿದ್ದೆ ನಾನು. ಹಾಗಾದರೆ ಆ ಒಂದು ವರ್ಷ ನೀನು ಏನು ತಿನ್ನುತ್ತಿದ್ದೆ?"

ಅವರು ಊಟ ಬಿಟ್ಟು, ನಾನು ಹೇಳಲಿ ಎಂದು ಕಾಯುತ್ತಾ ಕೂತಿದ್ದರು.